ಬಿಸಿಲಿಗೆ ಹಿಡಿದು ನೋಡಿದವರು: ಗೆಳೆಯನಿಗೊಂದು ಪತ್ರ

ಲಂಡನ್

ಪ್ರಿಯ ಗೆಳೆಯಾ,

ನಿನ್ನ ಪತ್ರ ಇಲ್ಲಿ ಮಗಳ ಮನೆಗೆ ಬಂದು ಹತ್ತು ದಿನಗಳಾದವು. ಅಂಗಡಿಯ ಅಟ್ಟದ ಮೇಲಿನ ಟ್ರಂಕಿನಿಂದ ನಿಮ್ಮ ತಂದೆಯವರ ಕಾಲದ ಸೀರೆಗಳನ್ನು ಒಂದೊಂದಾಗಿ ಹೊರತೆಗೆದು, ಡಾಂಬರು ಗುಳಿಗೆಯ ವಾಸನೆ ಹೋಗುವವರೆಗೆ ನೆರಳಿನಲ್ಲಿ ಹರವಿ, ಕಸೂತಿಯವನ್ನು ಬೇರೆ ಮಾಡಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದೇನೆಂದು ಬರೆದಿದ್ದೀಯೆ. ಅದು ಸಾಲದೆಂಬಂತೆ ಸುತ್ತಲಿನ ಹಳ್ಳಿಗಳ ಮನೆಮನೆಗೆ ಹೋಗಿ ಇನ್ನಷ್ಟು ಹಳೆಯ ಸೀರೆಗಳನ್ನು ಕೊಂಡು ತರುತ್ತಿದ್ದೀಯಂತೆ. ಮಾರಲಿಕ್ಕೆ ಕುಳಿತವನು ಕೂಡಿಡಲಿಕ್ಕೆ ಹತ್ತಿದರೆ ಅಂಗಡಿ ಉಳಿದಂತೆಯೇ ಎಂದು ಮನೆಯವರು ನಗುತ್ತಾರೆಂದೂ ಬರೆದಿದ್ದೀಯೆ. ಜವಳಿ ಮನೆತನದಲ್ಲಿ ಹುಟ್ಟಿ ಇಂಥ ಹುಚ್ಚು ಹಚ್ಚಿಕೊಂಡವರು ಬೇರೆ ಯಾರಾದರೂ ಇದ್ದಾರೆಯೇ ಎಂದು ನೀನು ಅರ್ಧ ತಮಾಷೆಗೆ, ಅರ್ಧ ಬೇಸರದಿಂದ ಕೇಳಿದ್ದೀಯೆ. ಇದೇ ಊರಿನಲ್ಲಿ ಒಬ್ಬರಿದ್ದರು. ಅವರ ಹೆಸರು ಸ್ಯಾಮ್ಯುಯೆಲ್ ಕೋರ್ಟೋಲ್ಡ್. ಅವರು ಕೊಂಡ ಚಿತ್ರಗಳನ್ನು ಮೊನ್ನೆ ಇಡೀ ದಿನ ನೋಡಿ ಬಂದೆ. ಅವರನ್ನು ಶ್ರೀಮಂತರನ್ನಾಗಿ ಮಾಡಿದ ನೂಲು ನಿನ್ನ ಅಂಗಡಿಯ ಕಪಾಟಿನಲ್ಲಿಯೂ ಇದೆಯೆಂಬುದು ನೆನಪಾಗಿ ಅಲ್ಲೇ ನಗು ಬಂತು. ನೀವು ಚಮಕಾ ಎಂದು ಕರೆಯುವ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆಯ ನೂಲಿನ ಮಾತು ನಾನು ಹೇಳುತ್ತಿರುವುದು.

ಆದರೆ ಆ ಮನೆತನದ ದುಡ್ಡು ಶುರುವಾದದ್ದು ಹೊಳೆಯುವ ಬಟ್ಟೆಯಿಂದಲ್ಲ, ಹೊಳಪೇ ಇಲ್ಲದ ಕಪ್ಪು ಬಟ್ಟೆಯಿಂದ. ಕೋರ್ಟೋಲ್ಡರ ಪೂರ್ವಿಕರು ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿ ಬಂದ ಹ್ಯೂಗೆನಾಟರು, ಅಂದರೆ ಅಲ್ಲಿನ ಪ್ರೊಟೆಸ್ಟಂಟ್ ಕ್ರೈಸ್ತರು. ಮೊದಲ ಕೆಲವು ತಲೆಮಾರುಗಳು ಲಂಡನ್ನಿನಲ್ಲಿ ಬೆಳ್ಳಿ ಕೆಲಸ ಮಾಡಿದವು, ಆಮೇಲೆ ರೇಷ್ಮೆಗೆ ಇಳಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಹೆಸರಿನ ಇನ್ನೊಬ್ಬ ಹಿರಿಯ ಸ್ಯಾಮ್ಯುಯೆಲ್ ಎಸೆಕ್ಸ್ ಪ್ರಾಂತದ ಬಾಕಿಂಗ್ ಮತ್ತು ಹಾಲ್‌ಸ್ಟೆಡ್ ಊರುಗಳಲ್ಲಿ ಗಿರಣಿಗಳನ್ನು ನಡೆಸಿ, ಶೋಕದ ಉಡುಪಿಗೆಂದೇ ಬೇಕಾಗುತ್ತಿದ್ದ ಕ್ರೇಪ್ ಬಟ್ಟೆಯನ್ನು ತಯಾರಿಸಿದರು. ಹಸಿ ರೇಷ್ಮೆಯ ತೆಳ್ಳನೆಯ ಬಟ್ಟೆಯನ್ನು ಕೆತ್ತನೆ ಮಾಡಿದ ಬಿಸಿ ಉರುಳೆಯ ಕೆಳಗೆ ಹಾಯಿಸಿದರೆ ಅದರ ಮೈ ಸುಕ್ಕುಗಟ್ಟಿ ಹೊಳಪು ಸಾಯುತ್ತಿತ್ತು. ಗಂಡ ಸತ್ತ ಹೆಂಗಸು ಎರಡು ವರ್ಷ ಇಂಥ ಕಪ್ಪನ್ನು ತೊಡಬೇಕೆಂಬ ಕಟ್ಟಳೆ ಆಗ ಇಲ್ಲಿ ಗಟ್ಟಿಯಾಗಿತ್ತು. 1861ರಲ್ಲಿ ಗಂಡನನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿ ತಾನು ಸಾಯುವವರೆಗೂ, ಅಂದರೆ 1901ರವರೆಗೂ, ಕಪ್ಪನ್ನು ಬಿಡಲಿಲ್ಲ. ರಾಣಿ ಉಟ್ಟದ್ದನ್ನು ಊರು ಉಡುತ್ತದೆ. ನಮ್ಮ ಸೀಮೆಯಲ್ಲಿ ಕಪ್ಪು ಚಂದ್ರಕಾಳಿಯ ಮೇಲೆ ಕಸೂತಿ ಹಾಕಿಸಿ ಮದುವೆಯ ಹೆಣ್ಣಿಗೆ ಕೊಡುತ್ತಿದ್ದ ಕಾಲದಲ್ಲಿಯೇ ಇಲ್ಲಿ ಕಪ್ಪೆಂದರೆ ಸಾವಿನ ಬಣ್ಣವಾಗಿತ್ತು, ಆ ಬಣ್ಣದ ಮೇಲೆ ಒಂದು ಮನೆತನ ಮೂರು ಗಿರಣಿ ನಡೆಸುವಷ್ಟು ಬೆಳೆದಿತ್ತು.

ಶತಮಾನ ಮುಗಿಯುವ ಹೊತ್ತಿಗೆ ಆ ಕಟ್ಟಳೆ ಸಡಿಲವಾಗಿ ಕ್ರೇಪಿಗೆ ಗಿರಾಕಿಗಳು ಕಡಿಮೆಯಾದರು. ಆಗ ಕಂಪನಿಯನ್ನು ಉಳಿಸಿದ್ದು 1904ರ ಒಂದು ಖರೀದಿ. ವಿಸ್ಕೋಸ್ ಎಂಬ ಹೊಸ ಕೃತಕ ರೇಷ್ಮೆ ನೂಲನ್ನು ಬ್ರಿಟನ್ನಿನಲ್ಲಿ ತಯಾರಿಸುವ ಹಕ್ಕನ್ನು ಅವರು 25,000 ಪೌಂಡುಗಳಿಗೆ ಕೊಂಡರು. ಮರದ ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಬೆರೆಸಿ, ಜೇನಿನಂಥ ಮಂದ ಪಾಕ ಮಾಡಿ, ಶ್ಯಾವಿಗೆ ಒರಳಿನಲ್ಲಿ ಹಿಟ್ಟು ಒತ್ತುವಂತೆ ಅತಿ ಸಣ್ಣ ತೂತುಗಳ ಮೂಲಕ ಆಮ್ಲದ ತೊಟ್ಟಿಯೊಳಗೆ ಒತ್ತಿದರೆ ಎಳೆ ಎಳೆಯಾಗಿ ಹೊಳೆಯುವ ನೂಲು ಬರುತ್ತದೆ. ಹರಿಹರದ ಪಕ್ಕ ತುಂಗಭದ್ರೆಯ ದಂಡೆಯ ಮೇಲಿರುವ ಕುಮಾರಪಟ್ಟಣದಲ್ಲಿ ನೀಲಗಿರಿ ಮರದಿಂದ ತಯಾರಾಗುವುದು ಇಂಥದೇ ತಿರುಳು. ರೇಷ್ಮೆ ಹುಳುವಿಗೆ ರಜೆ ಕೊಟ್ಟ ಈ ನೂಲು ಬಡವರ ಮನೆಯ ಹೆಣ್ಣುಮಕ್ಕಳಿಗೂ ಹೊಳೆಯುವ ಕಾಲುಚೀಲ ಕೊಟ್ಟಿತು, ಕೋರ್ಟೋಲ್ಡ್ ಮನೆತನಕ್ಕೆ ಅಮೆರಿಕದವರೆಗೂ ಕಾರ್ಖಾನೆಗಳನ್ನು ಕೊಟ್ಟಿತು. ಆ ಕಾರ್ಬನ್ ಡೈಸಲ್ಫೈಡಿನ ಹೊಗೆ ಮಾತ್ರ ವಿಸ್ಕೋಸ್ ಗಿರಣಿಗಳಲ್ಲಿ ದುಡಿದವರ ನರಗಳನ್ನೂ ಮನಸ್ಸನ್ನೂ ಕೆಡಿಸುತ್ತಿತ್ತೆಂಬುದು ವೈದ್ಯಕೀಯದಲ್ಲಿ ದಾಖಲಾದ ಮಾತು. ನಾನು ಹೊಗಳಲಿರುವ ಮನುಷ್ಯನ ದುಡ್ಡಿನಲ್ಲಿ ಆ ವಾಸನೆಯೂ ಇತ್ತು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನಾನು ಸಂಕೋಚವಿಲ್ಲದೆ ಬರೆಯಬಹುದು.

ನಮ್ಮ ಸ್ಯಾಮ್ಯುಯೆಲ್ ಹುಟ್ಟಿದ್ದು 1876ರಲ್ಲಿ. ಶಾಲೆ ಮುಗಿದ ಮೇಲೆ ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲ. ಜರ್ಮನಿಯ ಕ್ರೆಫೆಲ್ಡ್‌ಗೂ ಫ್ರಾನ್ಸಿನ ಲಿಯಾನ್‌ಗೂ ಹೋಗಿ ನೇಯ್ಗೆಯ ಕಸುಬು ಕಲಿತು ಬಂದರು, ಆಮೇಲೆ ಹಾಲ್‌ಸ್ಟೆಡ್ ಗಿರಣಿಯ ಮ್ಯಾನೇಜರ್ ಆಗಿ ಹಾಸು ಹೊಕ್ಕುಗಳ ನಡುವೆಯೇ ದಿನ ಕಳೆದರು. ಗೆಳೆಯಾ, ಈ ಸಂಗತಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಇಲ್ಲಿನ ಬರಹಗಳಲ್ಲಿ ಇದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಿಮ್ಮ ತಂದೆಯವರು ಗಿರಾಕಿಗಳಿಗೆ ಏನು ಹೇಳುತ್ತಿದ್ದರು, ನೆನಪಿದೆಯೇ? "ದೀಪದ ಬೆಳಕಿನ್ಯಾಗ ಸೀರಿ ನೋಡಬ್ಯಾಡ್ರಿ, ಹೊರಗ ಬಿಸಲಿಗೆ ಹಿಡದ ನೋಡ್ರಿ" ಎಂದು ತಾವೇ ಸೀರೆಯನ್ನು ಎತ್ತಿಕೊಂಡು ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದರು. ಬಟ್ಟೆ ನೋಡಿ ಬೆಳೆದ ಕಣ್ಣು ಬಣ್ಣವನ್ನು ಹಾಗೆ ನೋಡುತ್ತದೆ, ಹೆಸರು ಕೇಳಿ ನೋಡುವುದಿಲ್ಲ. ಕೋರ್ಟೋಲ್ಡ್ ಮುಂದೆ ಚಿತ್ರಗಳನ್ನು ಕೊಂಡದ್ದೂ ಈ ಕಣ್ಣಿನಿಂದಲೇ ಎಂದು ನನ್ನ ನಂಬಿಕೆ.

ಆ ಕಣ್ಣು ತೆರೆಯಲಿಕ್ಕೆ ಮಾತ್ರ ತಡವಾಯಿತು. 1901ರಲ್ಲಿ ಎಲಿಜಬೆತ್ ಕೆಲ್ಸಿಯವರನ್ನು ಮದುವೆಯಾದ ಮೇಲೆ ಇಟಲಿಯ ಫ್ಲಾರೆನ್ಸಿನಲ್ಲಿ ಹಳೆಯ ಚಿತ್ರಕಾರರ ಕೃತಿಗಳು ಮೊದಲ ಸಲ ಅವರಿಗೆ ಜೀವಂತವಾಗಿ ಕಂಡವು. ಆದರೂ ಹೊಸ ಫ್ರೆಂಚ್ ಚಿತ್ರಗಳನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ಲುಸಿಟಾನಿಯ ಹಡಗಿನೊಡನೆ 1915ರಲ್ಲಿ ಮುಳುಗಿ ಸತ್ತ ಐರಿಷ್ ಕಲಾವ್ಯಾಪಾರಿ ಹ್ಯೂ ಲೇನ್ ಅವರ ಚಿತ್ರಸಂಗ್ರಹವನ್ನು 1917ರಲ್ಲಿ ಟೇಟ್ ಗ್ಯಾಲರಿಯಲ್ಲಿ ತೂಗುಹಾಕಿದಾಗ ಕೋರ್ಟೋಲ್ಡ್ ಹೋಗಿ ನೋಡಿದರು, ಮಾನೆ ಮತ್ತು ರೆನ್ವಾ ಎಂಬ ಫ್ರೆಂಚ್ ಚಿತ್ರಕಾರರ ಚಿತ್ರಗಳ ಮುಂದೆ ನಿಂತರು. ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಸೆಜಾನ್ ಮಾತ್ರ ಆಗಲೂ ಹಿಡಿತಕ್ಕೆ ಸಿಗಲಿಲ್ಲ. 1922ರ ಒಂದು ಪ್ರದರ್ಶನದಲ್ಲಿ ಚಿತ್ರಕಾರನಾಗಿದ್ದ ಕಿರಿಯ ಸ್ನೇಹಿತನೊಬ್ಬ ಅವರನ್ನು ಸೆಜಾನನ ನಿಸರ್ಗಚಿತ್ರವೊಂದರ ಮುಂದೆ ಕರೆದೊಯ್ದು, ಅದು ನಮ್ಮನ್ನು ಈ ಕಡೆಗೂ ಆ ಕಡೆಗೂ ಎಳೆದು ಕೊನೆಗೆ ಆಳಕ್ಕೆ ದೂಡಿಬಿಡುತ್ತದೆಂದು ತೊದಲುತ್ತಾ ವಿವರಿಸಿದನಂತೆ. ವಿವರಣೆ ಸ್ಪಷ್ಟವಾಗಿರಲಿಲ್ಲ, ಆದರೆ ಆ ಗಳಿಗೆಯಲ್ಲಿಯೇ ತನಗೆ ಆ ಮೋಡಿ ತಟ್ಟಿತೆಂದು ಕೋರ್ಟೋಲ್ಡ್ ಮುಂದೆ ಬರೆದುಕೊಂಡರು. ಕಸೂತಿಯ ಗವಂತಿ ಹೊಲಿಗೆಗೂ ಮುರಗಿ ಹೊಲಿಗೆಗೂ ವ್ಯತ್ಯಾಸವೇನೆಂದು ನಿಮ್ಮ ಅವ್ವ ನನಗೆ ಹೇಳಿಕೊಟ್ಟದ್ದೂ ಹೀಗೆಯೇ, ಅರ್ಧ ಮಾತಿನಲ್ಲಿ, ಅರ್ಧ ಬೆರಳಿನಲ್ಲಿ.

ಆ ವೇಳೆಗೆ, 1921ರಲ್ಲಿ, ಅವರು ಕಂಪನಿಯ ಅಧ್ಯಕ್ಷರಾಗಿದ್ದರು. ಮುಂದೆ 1946ರವರೆಗೂ ಆ ಕುರ್ಚಿಯಲ್ಲಿ ಇದ್ದರು. ಅವರ ಸಂಗ್ರಹದ ಬಹುಭಾಗ ಕೂಡಿದ್ದು 1922ರಿಂದ 1929ರವರೆಗಿನ ಏಳೇ ವರ್ಷಗಳಲ್ಲಿ ಎಂದರೆ ನಿನಗೆ ಆಶ್ಚರ್ಯವಾದೀತು. ರೆನ್ವಾನ ನಾಟಕಮಂದಿರದ ಚಿತ್ರ 1925ರಲ್ಲಿ ಬಂತು, ಮಾನೆಯ ಕೊನೆಯ ದೊಡ್ಡ ಚಿತ್ರ 1926ರಲ್ಲಿ, ಕಿವಿಗೆ ಬಟ್ಟೆ ಕಟ್ಟಿಕೊಂಡ ವ್ಯಾನ್‌ಗೋನ ಸ್ವಂತ ಚಿತ್ರ 1928ರಲ್ಲಿ. ಬ್ರಿಟನ್ನಿನ ಸಂಗ್ರಹಾಲಯಗಳ ಹಿರಿಯರು ಇನ್ನೂ ಮೂಗು ಮುರಿಯುತ್ತಿದ್ದ ಸೆಜಾನನ ಕೃತಿಗಳನ್ನು ಅವರು ಎಷ್ಟು ಕೊಂಡರೆಂದರೆ, ಇಂದಿಗೂ ಈ ದೇಶದಲ್ಲಿ ಸೆಜಾನನನ್ನು ನೋಡಬೇಕಾದವರು ಮೊದಲು ಹೋಗಬೇಕಾದದ್ದು ಅವರ ಹೆಸರಿನ ಗ್ಯಾಲರಿಗೆ. ವ್ಯಾಪಾರಿ ತೋರಿಸಿದ ಕೂಡಲೇ ಅವರು ಚೆಕ್ ಬರೆಯುತ್ತಿರಲಿಲ್ಲ. ಚಿತ್ರವನ್ನು ಮನೆಗೆ ತರಿಸಿಕೊಂಡು, ಗೋಡೆಗೆ ಹಾಕಿ, ಕೆಲವು ಕಾಲ ಅದರೊಂದಿಗೆ ಬದುಕಿ ನೋಡಿ, ಒಗ್ಗಿದರೆ ಮಾತ್ರ ಇಟ್ಟುಕೊಳ್ಳುತ್ತಿದ್ದರು. ಸೀರೆಯನ್ನು ಬಿಸಿಲಿಗೆ ಹಿಡಿಯುವುದು ಎಂದರೆ ಇದೇ ಅಲ್ಲವೇ?

ಆ ಗೋಡೆಗಳ ಬಗ್ಗೆಯೂ ಎರಡು ಮಾತು ಹೇಳಬೇಕು. ಲಂಡನ್ನಿನ ಪೋರ್ಟ್‌ಮನ್ ಚೌಕದ 20ನೆಯ ನಂಬರಿನ ಮನೆ ಹದಿನೆಂಟನೆಯ ಶತಮಾನದಲ್ಲಿ ರಾಬರ್ಟ್ ಆಡಮ್ ಎಂಬ ಹೆಸರಾಂತ ವಾಸ್ತುಶಿಲ್ಪಿ ಒಬ್ಬ ಸಿರಿವಂತ ವಿಧವೆಗಾಗಿ ಕಟ್ಟಿದ್ದು. ಮೇಲೆ ಗಾಜಿನ ಗುಮ್ಮಟ, ಅದರ ಕೆಳಗೆ ದುಂಡಗೆ ಸುತ್ತಿ ಏರುವ ಮೆಟ್ಟಿಲು, ಸುಣ್ಣದ ಗಾರೆಯಲ್ಲಿ ಬಿಡಿಸಿದ ಸೂಕ್ಷ್ಮ ಚಿತ್ತಾರ. ಇಂಥ ಅರಮನೆಯೊಳಗೆ ಬಯಲಿನಲ್ಲಿ ನಿಂತು ಬರೆದ, ಬಣ್ಣವನ್ನು ದಪ್ಪಗೆ ಮೆತ್ತಿದ ಚಿತ್ರಗಳನ್ನು ತೂಗುಹಾಕಿದರೆ ಹೊಂದುತ್ತದೆಯೇ ಎಂಬ ಅಳುಕು ಯಾರಿಗಾದರೂ ಬರಬೇಕು. ಗಂಡ ಹೆಂಡತಿ ಇಬ್ಬರಿಗೂ ಬರಲಿಲ್ಲ.

ಎಲಿಜಬೆತ್ ಬರಿಯ ಧಣಿಯ ಹೆಂಡತಿಯಾಗಿರಲಿಲ್ಲ. ಅವರ ಒಲವು ಸಂಗೀತದ ಕಡೆಗಿತ್ತು. 1929ರಲ್ಲಿ ಅವರು ವಾದ್ಯವೃಂದದ ನಿರ್ದೇಶಕ ಮಾಲ್ಕಮ್ ಸಾರ್ಜೆಂಟ್ ಅವರೊಂದಿಗೆ ಸೇರಿ ಸಂಗೀತ ಕಛೇರಿಗಳ ಒಂದು ಸಾಲನ್ನೇ ಆರಂಭಿಸಿದರು. ಅಂಗಡಿ, ಕಚೇರಿಗಳಲ್ಲಿ ದುಡಿಯುವವರು ಗುಂಪಾಗಿ ಚಂದಾ ಕಟ್ಟಿದರೆ ಕಡಿಮೆ ಬೆಲೆಗೆ ಟಿಕೆಟ್ ಸಿಗುವ ವ್ಯವಸ್ಥೆ ಅದರಲ್ಲಿತ್ತು. ದೊಡ್ಡವರ ಸಂಗೀತವನ್ನು ಕೌಂಟರಿನ ಹಿಂದೆ ನಿಲ್ಲುವ ಗುಮಾಸ್ತರಿಗೂ ಮುಟ್ಟಿಸಿದ ಈ ಕೆಲಸ ಗಂಡನ ಚಿತ್ರಗಳ ಹೆಸರಿನಡಿ ಮರೆತುಹೋಗಿದೆ ಎಂದು ನನಗೆ ತುಸು ಕೊರಗು.

ಇನ್ನು ದಾನದ ಮಾತು. ತನ್ನ ಮನೆಯ ಗೋಡೆ ತುಂಬಿಸಿಕೊಂಡು ಉಳಿದದ್ದನ್ನು ಊರಿಗೆ ಕೊಟ್ಟವರಲ್ಲ ಇವರು. ಸ್ವಂತಕ್ಕೆ ಕೊಳ್ಳಲು ಶುರು ಮಾಡಿದ ಮರುವರ್ಷವೇ, 1923ರಲ್ಲಿ, ದೇಶದ ಸಂಗ್ರಹಕ್ಕಾಗಿ ಫ್ರೆಂಚ್ ಚಿತ್ರಗಳನ್ನು ಕೊಳ್ಳಲೆಂದು 50,000 ಪೌಂಡುಗಳ ನಿಧಿಯನ್ನು ಇಟ್ಟರು. ಅದರಿಂದ ಬಂದವುಗಳಲ್ಲಿ ಎರಡರ ಕಥೆಯನ್ನಾದರೂ ನಿನಗೆ ಹೇಳಬೇಕು. ಮೊದಲನೆಯದು ವ್ಯಾನ್‌ಗೋನ ಸೂರ್ಯಕಾಂತಿ. ಅದು ಆತನ ತಮ್ಮ ತೇಓನ ವಿಧವೆ ಯೋ ಅವರ ಮನೆಯಲ್ಲಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ದಿನವೂ ನೋಡುತ್ತಾ ಬಂದ ಚಿತ್ರವನ್ನು ಕೊಡಲು ಆ ಹೆಂಗಸಿಗೆ ಮನಸ್ಸಿರಲಿಲ್ಲ, ಮೊದಲು ಒಲ್ಲೆ ಎಂದರು. ಕೊನೆಗೆ 1924ರಲ್ಲಿ, ವಿನ್ಸೆಂಟನ ಕೀರ್ತಿಗಾಗಿ ಇದೊಂದು ತ್ಯಾಗ ಎಂದು ಬರೆದು ಬಿಟ್ಟುಕೊಟ್ಟರು. ಹಳ್ಳಿಯ ಮನೆಗಳಲ್ಲಿ ಅಜ್ಜಿಯರು ತಮ್ಮ ಮದುವೆಯ ಸೀರೆಯನ್ನು ನಿನ್ನ ಕೈಗೆ ಇಡುವಾಗ ಒಂದು ಸಲ ಮಡಿಕೆ ಬಿಡಿಸಿ ಮತ್ತೆ ಮಡಚುತ್ತಾರೆಂದು ಬರೆದಿದ್ದೆಯಲ್ಲ, ಅದನ್ನು ಓದುವಾಗ ನನಗೆ ಯೋ ನೆನಪಾದರು.

ಎರಡನೆಯದು ಸರಾ ಎಂಬ ಚಿತ್ರಕಾರ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, 1884ರಲ್ಲಿ ಮುಗಿಸಿದ ಚಿತ್ರ. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಪ್ಯಾರಿಸ್ಸಿನ ಹೊರವಲಯದಲ್ಲಿ ಹೊಳೆಯ ದಂಡೆಯ ಮೇಲೆ ಕೂಲಿ ಜನ ಅಂಗಿ ಕಳಚಿಟ್ಟು ಸುಮ್ಮನೆ ಕುಳಿತಿದ್ದಾರೆ. ಒಬ್ಬ ಹುಡುಗ ಕೆಂಪು ಟೋಪಿ ಹಾಕಿಕೊಂಡು ನೀರಿನಲ್ಲಿ ನಿಂತು ಎರಡೂ ಕೈಗಳನ್ನು ಬಾಯಿಗೆ ಹಿಡಿದು ಯಾರನ್ನೋ ಕೂಗುತ್ತಿದ್ದಾನೆ. ಯಾರೂ ಯಾರೊಡನೆಯೂ ಮಾತನಾಡುತ್ತಿಲ್ಲ. ಹಿಂದೆ, ಬೆಳಕಿನ ಮಬ್ಬಿನಲ್ಲಿ, ಕ್ಲಿಶಿಯ ಕಾರ್ಖಾನೆಗಳ ಹೊಗೆಗೊಳವೆಗಳು ಎದ್ದು ನಿಂತಿವೆ. ಆ ವರ್ಷ ಪ್ಯಾರಿಸ್ಸಿನ ಅಧಿಕೃತ ಪ್ರದರ್ಶನ ಈ ಚಿತ್ರವನ್ನು ತಿರಸ್ಕರಿಸಿತ್ತು. ನಲವತ್ತು ವರ್ಷಗಳ ಮೇಲೆ, ಸಾವಿರಾರು ಕೂಲಿಕಾರರ ಗಿರಣಿಗಳ ಒಡೆಯನ ದುಡ್ಡಿನಿಂದ ಅದು ಲಂಡನ್ನಿಗೆ ಬಂತು. ಗಿರಣಿಯ ಧಣಿಯೊಬ್ಬ ತನ್ನ ದೇಶಕ್ಕೆಂದು ಬಿಡುವಿನ ವೇಳೆಯ ಕೂಲಿಕಾರರ ಚಿತ್ರವನ್ನು ಕೊಡಿಸುವಾಗ ಆ ಹೊಗೆಗೊಳವೆಗಳನ್ನು ನೋಡಿ ಏನೆಂದುಕೊಂಡನೋ ಎಂದು ನಾನು ಅದರ ಮುಂದೆ ಬಹಳ ಹೊತ್ತು ಯೋಚಿಸಿದೆ.

ಏನೋ ಎಂದುಕೊಂಡಿರಲೇಬೇಕು. ಏಕೆಂದರೆ 1942ರಲ್ಲಿ, ಯುದ್ಧದ ನಡುವೆ, ಅವರು ಅರ್ಥಶಾಸ್ತ್ರದ ಒಂದು ಪತ್ರಿಕೆಯಲ್ಲಿ ಸರ್ಕಾರಕ್ಕೂ ಉದ್ದಿಮೆಗೂ ಇರಬೇಕಾದ ಸಂಬಂಧದ ಬಗ್ಗೆ ಲೇಖನ ಬರೆದು, ಕಂಪನಿಯ ಆಡಳಿತ ಮಂಡಳಿಯಲ್ಲಿ ಕೆಲಸಗಾರರಿಗೂ ಜಾಗ ಇರಬೇಕೆಂಬ ಕಡೆಗೆ ವಾಲಿದರು. ಉಳಿದ ಧಣಿಗಳಿಗೆ ಅದು ಹಿಡಿಸುವ ಮಾತಾಗಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 1941ರ ಮಾರ್ಚಿನಲ್ಲಿ, ಅಮೆರಿಕದ ನೆರವಿಗಾಗಿ ಕಾಯುತ್ತಿದ್ದ ಬ್ರಿಟಿಷ್ ಸರ್ಕಾರ ಅಲ್ಲಿನ ಬ್ರಿಟಿಷ್ ಆಸ್ತಿ ಮಾರಿಹೋಗುತ್ತಿದೆಯೆಂದು ತೋರಿಸಿಕೊಡುವ ಒತ್ತಡಕ್ಕೆ ಸಿಕ್ಕಿ, ಕೋರ್ಟೋಲ್ಡ್ ಕಂಪನಿಯ ಅಮೆರಿಕದ ಕಾರ್ಖಾನೆಗಳನ್ನು ನಿಜವಾದ ಬೆಲೆಗಿಂತ ಬಹಳ ಕಡಿಮೆಗೆ ಮಾರಿಸಿತ್ತು. ಮನೆತನದ ಅತಿ ದೊಡ್ಡ ಗಳಿಕೆಯ ಮೂಲ ಹಾಗೆ ಕೈಬಿಟ್ಟಿತು. ಇನ್ನೊಂದು ಸಣ್ಣ ಸಂಗತಿ ನಮ್ಮ ದೇಶದ ಕಡೆಗೂ ಒಂದು ಎಳೆ ಚಾಚುತ್ತದೆ: ಅವರ ಒಬ್ಬಳೇ ಮಗಳು ಸಿಡ್ನಿಯನ್ನು 1926ರಲ್ಲಿ ಮದುವೆಯಾದ ರ‍್ಯಾಬ್ ಬಟ್ಲರ್ ಹುಟ್ಟಿದ್ದು ಆಗಿನ ಹಿಂದೂಸ್ತಾನದ ಅಟಕ್‌ನಲ್ಲಿ. ಮಾವ ಕೊಟ್ಟ ವರ್ಷಕ್ಕೆ 5,000 ಪೌಂಡುಗಳ ವರ್ಷಾಶನದ ಬಲದಿಂದ ಆತ ನಿಶ್ಚಿಂತೆಯಾಗಿ ರಾಜಕಾರಣಕ್ಕೆ ಇಳಿದು, 1935ರ ಭಾರತ ಸರ್ಕಾರ ಕಾಯ್ದೆಯನ್ನು ಪಾರ್ಲಿಮೆಂಟಿನಲ್ಲಿ ದಾಟಿಸುವ ಕೆಲಸದಲ್ಲಿ ಕೈಜೋಡಿಸಿದ. ಚಮಕಾ ನೂಲು ಎಲ್ಲೆಲ್ಲಿ ಹೊಕ್ಕಿದೆ ನೋಡು.

1931ರ ಡಿಸೆಂಬರಿನಲ್ಲಿ ಎಲಿಜಬೆತ್ ತೀರಿಕೊಂಡರು. ಅದಾದ ಮೇಲೆ ಕೋರ್ಟೋಲ್ಡ್ ಆ ಗುಮ್ಮಟದ ಮನೆಯಲ್ಲಿ ಇರಲಿಲ್ಲ. ರಾಜಕಾರಣಿ ಲಾರ್ಡ್ ಲೀ ಮತ್ತು ವಕೀಲ ರಾಬರ್ಟ್ ವಿಟ್ ಎಂಬ ಇನ್ನಿಬ್ಬರು ಸಂಗ್ರಾಹಕರೊಂದಿಗೆ ಸೇರಿ, ಕಲೆಯ ಇತಿಹಾಸವನ್ನು ವಿಶ್ವವಿದ್ಯಾಲಯದಲ್ಲಿ ಪದವಿಯ ವಿಷಯವಾಗಿ ಕಲಿಸುವ ಸಂಸ್ಥೆಯೊಂದನ್ನು ಕಟ್ಟುವ ಯೋಚನೆ ಆಗಲೇ ನಡೆದಿತ್ತು. 1932ರಲ್ಲಿ ಕೋರ್ಟೋಲ್ಡ್ ಸಂಸ್ಥೆ ತೆರೆದಾಗ ಅದು ಕುಳಿತದ್ದು ಇದೇ ಮನೆಯಲ್ಲಿ. ಹೆಂಡತಿಯೊಂದಿಗೆ ಬಾಳಿದ ಕೋಣೆಗಳನ್ನೂ ಗೋಡೆಯ ಮೇಲಿನ ಬಹಳಷ್ಟು ಚಿತ್ರಗಳನ್ನೂ ಹುಡುಗ ಹುಡುಗಿಯರು ಬಂದು ಓದಲಿ ಎಂದು ಬಿಟ್ಟು, ಅವರು ಬೇರೊಂದು ಮನೆಗೆ ಹೋದರು. ಉಳಿಸಿಕೊಂಡ ಚಿತ್ರಗಳಲ್ಲಿಯೂ ಹಲವನ್ನು ಉಯಿಲಿನಲ್ಲಿ ಅದೇ ಸಂಸ್ಥೆಗೆ ಬರೆದರು. 1937ರಲ್ಲಿ ಬಂದ ಲಾರ್ಡ್ ಪದವಿಯನ್ನು ಒಲ್ಲೆನೆಂದರು. 1947ರ ಡಿಸೆಂಬರ್ 1ರಂದು ತೀರಿಕೊಂಡಾಗ ಅವರಿಗೆ ಎಪ್ಪತ್ತೊಂದು ವರ್ಷ. ಸಂಸ್ಥೆ 1989ರಲ್ಲಿ ಥೇಮ್ಸ್ ನದಿಯ ಬಳಿಯ ಸಾಮರ್ಸೆಟ್ ಹೌಸಿಗೆ ಹೋಯಿತು. ವಿದ್ಯಾರ್ಥಿಗಳಿಗೆಂದು ಕೊಟ್ಟ ಆ ಮನೆ ಈಗ ಸದಸ್ಯರಿಗೆ ಮಾತ್ರ ಬಾಗಿಲು ತೆರೆಯುವ ಕ್ಲಬ್ ಆಗಿದೆ. ಹೊರಗಿನ ರಸ್ತೆಯಲ್ಲಿ ನಿಂತು ಕಿಟಕಿಗಳನ್ನು ಎಣಿಸಿ ಬಂದೆ.

ಸಾಮರ್ಸೆಟ್ ಹೌಸಿನ ಕಡಿದಾದ ಮೆಟ್ಟಿಲು ಹತ್ತುವಾಗ ನನ್ನ ಮೊಣಕಾಲು ಎರಡು ಕಡೆ ನಿಲ್ಲಿಸಿತು. ಕೊನೆಯ ಅಂತಸ್ತಿನ ದೊಡ್ಡ ಹಜಾರದಲ್ಲಿ ಮೇಲಿನಿಂದ ಹಗಲಿನ ಬೆಳಕು ಬೀಳುತ್ತದೆ. ಅಲ್ಲಿ ಮಾನೆಯ ಚಿತ್ರವಿದೆ, 1882ರದು. ಮರುವರ್ಷ ಮಾನೆ ಸತ್ತ. ಪ್ಯಾರಿಸ್ಸಿನ ಒಂದು ಮನರಂಜನಾ ಮಂದಿರದಲ್ಲಿ ಅಮೃತಶಿಲೆಯ ಕೌಂಟರಿನ ಹಿಂದೆ ಕಪ್ಪು ಉಡುಪಿನ ಹುಡುಗಿಯೊಬ್ಬಳು ಎರಡೂ ಕೈ ಊರಿ ನಿಂತಿದ್ದಾಳೆ. ಮುಂದೆ ಷಾಂಪೇನ್ ಸೀಸೆಗಳು, ಕೆಂಪು ತ್ರಿಕೋನದ ಗುರುತಿನ ಬಿಯರ್ ಸೀಸೆಗಳು, ಗಾಜಿನ ಬಟ್ಟಲಿನಲ್ಲಿ ಕಿತ್ತಳೆ, ಲೋಟದಲ್ಲಿ ಎರಡು ಗುಲಾಬಿ. ಹಿಂದೆ ಗೋಡೆಯ ಅಗಲಕ್ಕೂ ಕನ್ನಡಿ, ಅದರಲ್ಲಿ ಸಾವಿರ ಜನರ ಗದ್ದಲ. ಎಡಗಡೆಯ ಮೇಲಿನ ಮೂಲೆಯಲ್ಲಿ ಹಸಿರು ಬೂಟಿನ ಎರಡು ಕಾಲುಗಳು ಮಾತ್ರ ಕಾಣುತ್ತವೆ, ಜೋಕಾಲಿಯಲ್ಲಿ ಆಟ ತೋರಿಸುವವಳದು. ಅಷ್ಟು ಗದ್ದಲದ ನಡುವೆ ಈ ಹುಡುಗಿಯ ಮುಖದಲ್ಲಿ ಏನೂ ಇಲ್ಲ. ದಸರೆಯ ಹಿಂದಿನ ದಿನ ಸಂಜೆ ಎಂಟು ಗಂಟೆಗೆ, ಇನ್ನೂ ನಲವತ್ತು ಗಿರಾಕಿಗಳು ಅಂಗಡಿಯಲ್ಲಿರುವಾಗ ನಿನ್ನ ಮುಖ ಹೀಗೆಯೇ ಇರುತ್ತದೆ, ನಾನು ನೋಡಿದ್ದೇನೆ.

ಕನ್ನಡಿಯಲ್ಲಿ ಅವಳ ಬೆನ್ನು ಇರಬೇಕಾದ ಜಾಗದಲ್ಲಿ ಇಲ್ಲ, ಬಲಗಡೆಗೆ ಸರಿದಿದೆ. ಅಲ್ಲಿ ಎತ್ತರದ ಟೋಪಿಯ ಗಿರಾಕಿಯೊಬ್ಬ ಅವಳಿಗೆ ತೀರ ಹತ್ತಿರ ನಿಂತಿದ್ದಾನೆ. ಆದರೆ ಕೌಂಟರಿನ ಈಚೆಗೆ, ಅವನು ನಿಂತಿರಬೇಕಾದ ಕಡೆ, ಯಾರೂ ಇಲ್ಲ, ನಾನೊಬ್ಬನೇ ಇದ್ದೆ. ಇದು ಚಿತ್ರಕಾರನ ತಪ್ಪೋ ಬೇಕೆಂದು ಮಾಡಿದ್ದೋ ಎಂದು ಪಂಡಿತರು ನೂರು ವರ್ಷದಿಂದ ವಾದಿಸುತ್ತಿದ್ದಾರೆ. ಈ ಪತ್ರದೊಂದಿಗೆ ಆ ಚಿತ್ರದ ಒಂದು ಕಾರ್ಡ್ ಇಟ್ಟಿದ್ದೇನೆ. ಎಡತುದಿಯ ಸೀಸೆಯ ಚೀಟಿಯ ಮೇಲೆ ಮಾನೆ ತನ್ನ ಸಹಿಯನ್ನೂ ವರ್ಷವನ್ನೂ ಬರೆದಿದ್ದಾನೆ, ಭೂತಗನ್ನಡಿ ಹಿಡಿದರೆ ಕಂಡೀತು. ಕಾರ್ಡನ್ನು ಗಲ್ಲಾದ ಮೇಲಿನ ಟ್ಯೂಬ್‌ಲೈಟಿನಲ್ಲಿ ನೋಡಬೇಡ, ಮೆಟ್ಟಿಲಿಳಿದು ಹೊರಗೆ ತಂದು ನೋಡು. ನೋಡಿ, ಆ ಗಿರಾಕಿ ಎಲ್ಲಿ ನಿಂತಿದ್ದಾನೆಂದು ನಿನಗೆ ಅನ್ನಿಸುತ್ತದೆಯೋ ಬರೆ. ಕೌಂಟರಿನ ಹಿಂದೆ ಮೂವತ್ತು ವರ್ಷ ನಿಂತವನು ನೀನು.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು.

ಇಂತಿ ನಿನ್ನ
ಗೆಳೆಯ